ನನ್ನ ಸಾ ಬಿಳಿ ನಾಲ್ಕು

ಹೋದ ವಾರ ಗ್ಯಾಸ್ ಸಿಲಿಂಡರ್ ತಂದ ಹುಡುಗ ಕೆಳಗಿನಿಂದ ಫೋನ್ ಮಾಡಿದ. "ಸಾರ್, ಮನೀ ಮುಂದ ಅದೀನ್ರಿ. ಗೇಟ್ ತೆಗೀರಿ" ಅಂದ. "ಬಂದೆ, ತಡಿಯಪಾ" ಎಂದು ಇಳಿದು ಹೋಗಿ ಗೇಟ್ ತೆಗೆದೆ. ಅವನು ನನ್ನ ಬೆನ್ನ ಹಿಂದೆ ನೋಡುತ್ತಾ, "ಸಾಹೇಬ್ರು ಎಲ್ಲಿದ್ದಾರ್ರಿ ಅಕ್ಕಾರ? ಓಟಿಪಿ ಬೇಕಾಗಿತ್ರಿ" ಅಂದ. "ಫೋನಿನ್ಯಾಗ ಮಾತಾಡಿದಾಕಿ ನಾನ" ಎಂದು ಓಟಿಪಿ ಹೇಳಿದೆ. ಪಾಪ, ಹುಡುಗ ನಾಲಿಗೆ ಕಚ್ಚಿಕೊಂಡ. ನಾನು ಮೇಲೆ ಬಂದು ಅರ್ಧಕ್ಕೆ ಬಿಟ್ಟಿದ್ದ ಚಹಾ ಕುಡಿದೆ.

ಚಹಾ ಮುಗಿಯುವ ಹೊತ್ತಿಗೆ ಹೊಳೆಯಿತು, ನನಗೆ ಏನೂ ಅನ್ನಿಸಲೇ ಇಲ್ಲ ಅಂತ. ಆಗ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದೇ "ಸಾರ್" ಎಂಬ ಒಂದು ಮಾತಿಗೆ ನಾನು ಬಚ್ಚಲಮನೆ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಒಂದೆರಡು ಸಲ ಅಲ್ಲ.

ನನ್ನ ದನಿ ದಪ್ಪ. ಹುಟ್ಟಿನಿಂದಲೇ ಹಾಗೆ. "ಯಾಕ, ನೆಗಡಿ ಆಗೇದೇನು?" ಎಂದು ಕೇಳಿದವರಿಗೆಲ್ಲ "ಆರಾಮ ಅದೀನ್ರಿ, ನನ್ನ ದನೀನ ಹಿಂಗ" ಎಂದು ಹೇಳುತ್ತಲೇ ಬೆಳೆದೆ.

ಐದನೇ ಇಯತ್ತೆಯಲ್ಲಿದ್ದಾಗ ಗಣರಾಜ್ಯೋತ್ಸವಕ್ಕೆ ಸಮೂಹಗೀತೆ ಕಲಿಸುತ್ತಿದ್ದರು. ಹದಿನೈದು ಹುಡುಗಿಯರು, ಎರಡು ಸಾಲು, ಎದುರಿಗೆ ಹಾರ್ಮೋನಿಯಂ. ಎರಡನೇ ದಿನ ನಡುವೆಯೇ ಹಾರ್ಮೋನಿಯಂ ನಿಂತಿತು. ಕಲಿಸುತ್ತಿದ್ದವರು ಎದ್ದು ಬಂದು, ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳುತ್ತಾ ನನ್ನ ತನಕ ಬಂದರು. "ನೀ ಬಾಯಿ ಅಷ್ಟ ಆಡಸು. ದನಿ ತಗೀಬ್ಯಾಡ" ಎಂದರು. ಗದರಲಿಲ್ಲ, ಮೆತ್ತಗೇ ಹೇಳಿದರು. ನಾನು ಎತ್ತರ ಇದ್ದೆ. ಹಿಂದಿನ ಸಾಲಿಗೆ ಒಪ್ಪುತ್ತಿದ್ದೆ. ಅದಕ್ಕೇ ತೆಗೆದುಹಾಕಲಿಲ್ಲ ಅನ್ನಿಸುತ್ತದೆ. ಅಲ್ಲಿಂದ ಮೂರು ವರ್ಷ ಬಾಯಿ ಅಷ್ಟೇ ಆಡಿಸಿದೆ. ಒಂದೊಂದು ಅಕ್ಷರಕ್ಕೂ ತುಟಿ ಕೂಡಿಸುವುದು ಎಷ್ಟು ರೂಢಿಯಾಯಿತೆಂದರೆ, ತಾಲೂಕಿಗೆ ಬಹುಮಾನ ಬಂದ ದಿನ ಅವ್ವ ನನ್ನ ಕೆನ್ನೆ ಸವರಿ "ಭಾಳ ಛಲೋ ಹಾಡಿದಿ" ಎಂದಳು.

ನನ್ನಿಂದ ಒಂದು ಸ್ವರವೂ ಹೊರಟಿರಲಿಲ್ಲ. ಅದನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ದೊಡ್ಡವಳಾದ ಮೇಲೆ ಇನ್ನೊಂದು ಶುರುವಾಯಿತು. ನೋಡಲು ಬರುವವರ ಮುಂದೆ "ಸಣ್ಣ ದನೀಲೆ ಮಾತಾಡು" ಎಂದು ಅವ್ವ ಒಳಗಿನಿಂದಲೇ ಹೇಳಿ ಕಳಿಸುತ್ತಿದ್ದಳು. ನಾನೂ ಒಂದು ಸಣ್ಣ ದನಿ ಮಾಡಿಕೊಂಡೆ. ಗಂಟಲಿನ ಮೇಲ್ಭಾಗದಿಂದ, ಮೂಗಿನ ಹತ್ತಿರದಿಂದ ಬರುವ ದನಿ. ಉಸಿರು ಜಾಸ್ತಿ ಬೇಕು, ಮಾತು ಕಡಿಮೆ ಸಾಗುತ್ತದೆ. ಮದುವೆಯಾಯಿತು, ನೌಕರಿ ಸಿಕ್ಕಿತು. ಆ ದನಿಯನ್ನು ಎರಡೂ ಕಡೆ ಹೊತ್ತುಕೊಂಡು ಹೋದೆ. ಆಫೀಸಿನಲ್ಲಿ ಮೇಲಿನವರೊಬ್ಬರು "ಗಿರಾಕಿಗಳ ಫೋನ್ ನೀವು ತಗೋಬೇಡಿ, ಅವರಿಗೆ ಗೊಂದಲ ಆಗ್ತದೆ" ಎಂದಾಗ ತಲೆಯಾಡಿಸಿದೆ. ಸಂಜೆ ಹೊತ್ತಿಗೆ ಗಂಟಲು ಉರಿಯುತ್ತಿತ್ತು. ಉಪ್ಪುನೀರು ಮುಕ್ಕಳಿಸುತ್ತಿದ್ದೆ. ಅದು ಧೂಳಿನಿಂದ ಅಂದುಕೊಂಡಿದ್ದೆ.

ಇದರ ನಡುವೆ ಒಂದು ಬೆಳಗಿನ ನೆನಪಿದೆ. ನನಗಾಗ ಹದಿಮೂರೋ ಹದಿನಾಲ್ಕೋ. ಅಜ್ಜ ಜಗುಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಪಕ್ಕದಲ್ಲಿ ರೇಡಿಯೋ. ಧಾರವಾಡ ಆಕಾಶವಾಣಿ ಇಲ್ಲದೆ ಅಜ್ಜನಿಗೆ ಬೆಳಗಾಗುತ್ತಿರಲಿಲ್ಲ. 1950ರಲ್ಲಿ ಅದು ಶುರುವಾದಾಗ ತಾನು ಎಷ್ಟು ವರ್ಷದವನಿದ್ದೆ ಎಂಬುದನ್ನು ಹೇಳಿಯೇ ಅಜ್ಜ ತನ್ನ ವಯಸ್ಸು ಲೆಕ್ಕ ಹಾಕುತ್ತಿದ್ದ. ಅವತ್ತು ಯಾರೋ ತೋಡಿ ರಾಗ ಹಾಡುತ್ತಿದ್ದರು. ತೋಡಿ ಎಂಬ ಹೆಸರು ನನಗೆ ಗೊತ್ತಾಗಿದ್ದು ಆಮೇಲೆ. ಭಾರವಾದ, ನಿಧಾನವಾದ ದನಿ. ಬಾವಿಯ ಒಳಗಿನಿಂದ ಕೊಡ ಮೇಲೆ ಬಂದ ಹಾಗೆ ಒಂದೊಂದೇ ಸ್ವರ ಮೇಲೆ ಬರುತ್ತಿತ್ತು.

"ಯಾರಜ್ಜಾ ಈ ಅಜ್ಜ ಹಾಡೂದು?" ಎಂದೆ.

ಅಜ್ಜ ಅಡಕೊತ್ತು ಕೆಳಗಿಟ್ಟ. "ಅಜ್ಜ ಅಲ್ಲವಾ, ಅಜ್ಜಿ. ನಮ್ಮ ಗಂಗೂಬಾಯಿ ಹಾನಗಲ್ಲರು."

ಆ ಕ್ಷಣದಲ್ಲೇ ನನ್ನ ಬದುಕು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ದನಿ ಕೇಳಿ ನನಗೆ ಭಯವಾಯಿತು. ಇನ್ನೂ ದೊಡ್ಡವಳಾದರೆ ನನ್ನದೂ ಹಿಂಗ ಆಗ್ತದೇನೋ ಅಂತ. ಎದ್ದು ಒಳಗೆ ಹೋದೆ.

ಸಂಗೀತದ ಹತ್ತಿರ ನಾನು ಹೋಗಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ಅದೂ ಮಗಳ ಬೆರಳು ಹಿಡಿದುಕೊಂಡು. ಮಾಳಮಡ್ಡಿಯಲ್ಲಿ ಒಬ್ಬರು ಮನೆಯಲ್ಲೇ ಹಿಂದೂಸ್ತಾನಿ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಮಗಳು ಹಾಡುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತು ಅವಳ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಿದ್ದೆ. ಮೂರ್ನಾಲ್ಕು ತಿಂಗಳಿಗೆ ಮಗಳ ಮನಸ್ಸು ಬ್ಯಾಡ್ಮಿಂಟನ್ ಕಡೆ ಹೋಯಿತು. ಕೊನೆಯ ತಿಂಗಳ ಫೀಸು ಕೊಡಲು ಒಬ್ಬಳೇ ಹೋಗಿದ್ದೆ. ಅಕ್ಕೋರು ದುಡ್ಡು ಎಣಿಸಲಿಲ್ಲ. "ನೀ ಗ್ವಾಡಿ ಮಗ್ಗಲಾ ಕೂತು ಗುಣುಗುಣು ಅಂತಿದ್ದೆಲ್ಲಾ, ಅದನ್ನ ಈಗ ಅನ್ನು" ಎಂದರು.

ನಾನು ಗುನುಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಅವರು ಹಾರ್ಮೋನಿಯಂ ಎಳೆದುಕೊಂಡರು. ನಮ್ಮ ಕಡೆ ಹಾರ್ಮೋನಿಯಂ ಮನೆಗಳನ್ನು ಬಣ್ಣ ಹಿಡಿದು ಎಣಿಸುತ್ತಾರೆ. ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಹೀಗೆ. ಹೆಣ್ಣುಮಕ್ಕಳ ಸಾ, ಅಂದರೆ ಹಾಡಿಗೆ ಆಧಾರವಾಗುವ ಸ್ವರ, ಹೆಚ್ಚಾಗಿ ಕರಿ ನಾಲ್ಕು, ಕರಿ ಐದರ ಹತ್ತಿರ ಇರುತ್ತದೆ. ಅಕ್ಕೋರು ಕರಿ ಐದು ಒತ್ತಿ "ಆ ಅನ್ನು" ಎಂದರು. ಅಂದೆ. ನನ್ನ ಆ ಸಣ್ಣ ದನಿಯಲ್ಲೇ ಅಂದೆ. ಅವರು ತಲೆ ಅಲ್ಲಾಡಿಸಿ ಒಂದು ಮನೆ ಕೆಳಗೆ ಇಳಿದರು. ಬಿಳಿ ಆರು. ಮತ್ತೆ ಕರಿ ನಾಲ್ಕು. ಬಿಳಿ ಐದು. "ಕಳ್ಳ ದನಿ ಬ್ಯಾಡ ತಂಗಿ. ಯಾರ ಮುಂದ ನಾಟಕ ಮಾಡಲಿಕ್ಕತ್ತಿ? ಕೆಳಗ ಬಾ." ಕರಿ ಮೂರು. "ಇನ್ನೂ ಬಾ." ಬಿಳಿ ನಾಲ್ಕು.

ಬಿಳಿ ನಾಲ್ಕಕ್ಕೆ ಬಂದಾಗ ಕುತ್ತಿಗೆಯಲ್ಲಿ ಏನೋ ಸಡಿಲಾಯಿತು. ಭುಜ ಇಳಿಯಿತು. ಎದೆಯ ಮೂಳೆ ಸಣ್ಣಗೆ ನಡುಗಿದ್ದು ಅಂಗೈಗೆ ತಿಳಿಯುವಷ್ಟಿತ್ತು. ಅಕ್ಕೋರು ಗಾಳಿ ತುಂಬುವ ಭಾತೆ ಹಾಕುವುದನ್ನು ನಿಲ್ಲಿಸಿದರು. ಹಾರ್ಮೋನಿಯಂ ಸದ್ದು ಇಳಿದು ಹೋಯಿತು, ನನ್ನ ದನಿ ಮಾತ್ರ ಉಳಿಯಿತು.

"ಇದು ನಿನ್ನ ಮನಿ" ಎಂದರು.

ಐದನೇ ಇಯತ್ತೆಯ ಆ ಹಾರ್ಮೋನಿಯಂ ಯಾವ ಮನೆಯಲ್ಲಿತ್ತೋ, ನನಗಂತೂ ಅದು ತೀರಾ ಎತ್ತರವಿತ್ತು. ಅಲ್ಲಿ ತಪ್ಪಿದ್ದು ಇಷ್ಟೇ. ನಾಲ್ಕೈದು ಮನೆಗಳ ಅಂತರ. ನಾನು ಅದನ್ನು ನನ್ನ ಹುಟ್ಟಿನ ತಪ್ಪು ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಶ್ಚಾತ್ಯ ವಾದ್ಯಮೇಳದಲ್ಲಿ ಎಲ್ಲರೂ ಒಂದೇ ಸ್ವರಕ್ಕೆ ವಾದ್ಯ ಹೊಂದಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನಗಳ ಸ್ವರ ಅದು. ನಮ್ಮ ಸಂಗೀತದಲ್ಲಿ ಸಾ ಎಂಬುದಕ್ಕೆ ಇಂಥ ಕಟ್ಟಿದ ಸಂಖ್ಯೆ ಇಲ್ಲ. ಹಿಂದೂಸ್ತಾನಿಯಲ್ಲೂ ಇಲ್ಲ, ಕರ್ನಾಟಕ ಸಂಗೀತದಲ್ಲೂ ಇಲ್ಲ. ಕೆಳಗೆ ಮಂದ್ರ ಪಂಚಮದ, ಅಂದರೆ ಕೆಳಗಿನ ಸಪ್ತಕದ ಪ ಸ್ವರದ ತನಕ ಇಳಿಯಲು ಬರಬೇಕು, ಮೇಲೆ ತಾರ ಷಡ್ಜ, ಅಂದರೆ ಮೇಲಿನ ಸಪ್ತಕದ ಸಾ ದಾಟಿ ಹೋಗಿ ಬರಬೇಕು. ಅದಕ್ಕೆ ಹೊಂದುವ ಜಾಗ ಯಾವುದೋ ಅದು ಹಾಡುವವರ ಸಾ. ಒಮ್ಮೆ ಸಾ ಹಿಡಿದ ಮೇಲೆ ರಿ, ಗ, ಮ ಎಲ್ಲವೂ ಅದರ ಲೆಕ್ಕಕ್ಕೇ ಕೂಡುತ್ತವೆ. ನನ್ನ ಪಂಚಮ ನಿಮ್ಮ ಷಡ್ಜ ಇರಬಹುದು. ಯಾರದೂ ತಪ್ಪಲ್ಲ. ಇಷ್ಟು ದೊಡ್ಡ ಮಾತನ್ನು ಮೊದಲ ಪಾಠದಲ್ಲೇ ಹೇಳಿಕೊಡುವ ವಿದ್ಯೆ ಇನ್ನೊಂದು ನನಗೆ ಗೊತ್ತಿಲ್ಲ.

"ನಿಮಗೆ ಎಂಥಾ ಹಾಡು ಇಷ್ಟ?" ಎಂದು ಕೇಳಿ ಮನುಷ್ಯರನ್ನು ಅಳೆಯುವುದುಂಟು. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಇಷ್ಟದ ಹಾಡುಗಳು ವಯಸ್ಸಿನ ಜೊತೆ ಬರುತ್ತವೆ, ಹೋಗುತ್ತವೆ. ದಿನಾ ಬೆಳಗ್ಗೆ ಬಾಯಿ ತೆರೆದು ಯಾವ ಸ್ವರದಿಂದ ಶುರು ಮಾಡುತ್ತೀರಿ ಎಂಬುದು ಮೈಗೆ ಹತ್ತುತ್ತದೆ. ನಾನು ಯಾರು ಎಂಬ ಪ್ರಶ್ನೆಗೆ ನನ್ನ ಹತ್ತಿರ ಇರುವ ಮೊದಲ ಉತ್ತರ ಇದೇ. ಬಿಳಿ ನಾಲ್ಕು.

ಅಕ್ಕೋರ ಹತ್ತಿರ ಮೀರಜಿನ ತಂಬೂರಿ ಇತ್ತು. ಅವರ ತಂದೆ ಕೊಡಿಸಿದ್ದು. ಸೋರೆ ಬುರುಡೆಯ ಮೇಲೆ ಬಿಳಿ ಬಳ್ಳಿಯ ಕೆತ್ತನೆ, ಒಂದು ಕಡೆ ಎಲೆಯೊಂದು ಉದುರಿಹೋಗಿತ್ತು. ಮೊದಲ ಆರು ತಿಂಗಳು ಅವರು ನನಗೆ ರಾಗ ಕಲಿಸಲಿಲ್ಲ. ತಂಬೂರಿ ಶ್ರುತಿ ಮಾಡುವುದನ್ನೇ ಕಲಿಸಿದರು. ನಾಲ್ಕು ತಂತಿ. ಮೊದಲನೆಯದು ಪಂಚಮ. ಮಾಲಕಂಸದಂಥ ಪಂಚಮವಿಲ್ಲದ ರಾಗವಾದರೆ ಅದೇ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ನಡುವಿನ ಎರಡಕ್ಕೆ ಜೋಡಿ ಎನ್ನುತ್ತಾರೆ, ಎರಡೂ ಸಾ. ಕೊನೆಯದು ಖರ್ಜ, ಒಂದು ಸಪ್ತಕ ಕೆಳಗಿನ ಸಾ. ಮೇಲಿನ ಬಿರಡೆ ತಿರುಗಿಸಿ ಸುಮಾರಾಗಿ ತರಬೇಕು, ಆಮೇಲೆ ಕೆಳಗಿನ ಮಣಿ ಸರಿಸಿ ಕೂದಲೆಳೆಯಷ್ಟು ಸರಿಪಡಿಸಬೇಕು. ಜೋಡಿಯ ಎರಡು ತಂತಿ ಸರಿಯಾಗಿ ಕೂಡಿಲ್ಲ ಎಂದರೆ ನಡುವೆ ಒಂದು ಅಲೆ ಕೇಳುತ್ತದೆ, ವ್ಞಾ ವ್ಞಾ ವ್ಞಾ ಎಂದು. ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ. ಕೂಡಿದ ಕ್ಷಣಕ್ಕೆ ನಿಂತುಬಿಡುತ್ತದೆ.

ಕೊನೆಗೆ ಜವಾರಿ. ತಂತಿಗಳು ಒರಗಿ ಹಾದುಹೋಗುವ ಪಟ್ಟಿಗೆ ಕುದುರೆ ಎನ್ನುತ್ತಾರೆ. ತಂತಿ ಮತ್ತು ಕುದುರೆಯ ನಡುವೆ ಒಂದು ಹತ್ತಿಯ ಎಳೆ ಇರುತ್ತದೆ. ಕುದುರೆಯ ಮೈ ಸಣ್ಣಗೆ ಉಬ್ಬಿರುತ್ತದೆ. ದಾರವನ್ನು ಒಂಚೂರು ಹಿಂದೆ ಮುಂದೆ ಸರಿಸಿದರೆ ತಂತಿ ಕುದುರೆಯ ಮೈಯನ್ನು ಸವರಿ ಸವರಿ ಮಿಡಿಯುತ್ತದೆ. ಸತ್ತ ಹಾಗಿದ್ದ ಸದ್ದು ತಟ್ಟನೆ ಅರಳುತ್ತದೆ. ನಮ್ಮ ಕಡೆ ಜವಾರಿ ಎಂದರೆ ನಾಟಿ, ಊರಿನದೇ ತಳಿ. ಜವಾರಿ ಸೌತೆಕಾಯಿ, ಜವಾರಿ ಆಕಳು. ಎರಡು ಪದಗಳ ಮೂಲ ಬೇರೆ ಇರಬಹುದು. ನನ್ನ ಕಿವಿಗೆ ಮಾತ್ರ ಎರಡೂ ಒಂದೇ ಆಗಿ ಕೂತಿವೆ.

ಜವಾರಿ ಸರಿಯಾಗಿ ಕೂತ ತಂಬೂರಿಯಲ್ಲಿ ಗಾಂಧಾರ, ಅಂದರೆ ಗ ಸ್ವರ ಕೇಳುತ್ತದೆ. ನಾಲ್ಕು ತಂತಿಯಲ್ಲಿ ಯಾವುದೂ ಗಾಂಧಾರ ಅಲ್ಲ. ಯಾರೂ ಅದನ್ನು ಮೀಟಿಲ್ಲ. ಖರ್ಜದ ತಂತಿ ಮಿಡಿಯುವಾಗ ಅದರ ಮೂಲ ಸ್ವರದ ಜೊತೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಸ್ವರಗಳೂ ಹುಟ್ಟುತ್ತವೆ. ಐದು ಪಟ್ಟಿನದು ಗಾಂಧಾರ. ಅಕ್ಕೋರು ಖರ್ಜ ಮೀಟಿ, ಕಣ್ಣು ಮುಚ್ಚಿ, "ಗಾಂಧಾರ ಬಂತೇನು? ಕೇಳಸ್ತೇನು?" ಎನ್ನುತ್ತಿದ್ದರು. ನನಗೆ ಕೇಳುತ್ತಿರಲಿಲ್ಲ. ತಿಂಗಳುಗಟ್ಟಲೆ ಕೇಳಲಿಲ್ಲ. ಅವರಿಗೆ ಬೇಜಾರಾಗದಿರಲಿ ಎಂದು ಒಂದು ದಿನ "ಹೂಂ" ಅಂದೆ. "ಸುಳ್ಳು ಹೇಳಬ್ಯಾಡ" ಎಂದರು. ಮತ್ತೆ ಬಾಯಿ ಆಡಿಸಿದ್ದೆ, ಅಲ್ವಾ.

ಆಮೇಲೆ ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿತ್ತು. ಫ್ಯಾನ್ ನಿಂತಿತ್ತು. ಖರ್ಜದ ಮೇಲೆ, ತೀರಾ ಎತ್ತರದಲ್ಲಿ, ತೆಳ್ಳಗೆ ಅದು ಬಂತು. ನಾನು ಏನೂ ಹೇಳಲಿಲ್ಲ. ಅಕ್ಕೋರು ನನ್ನ ಮುಖ ನೋಡಿ "ಬಂತು" ಎಂದರು.

ಅವತ್ತು ಮನೆಗೆ ಬಂದು ಗಂಗೂಬಾಯಿಯವರ ತೋಡಿ ಹುಡುಕಿ ಕೇಳಿದೆ. ಅಜ್ಜನ ಜಗುಲಿಯಿಂದ ಎದ್ದು ಹೋದವಳು ಮತ್ತೆ ಬಂದು ಕೂತ ಹಾಗೆ.

ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಹಾಡುವ ಮನೆತನದ ಹೆಣ್ಣುಮಕ್ಕಳನ್ನು ಆಗಿನ ಊರು ಹೇಗೆ ನಡೆಸಿಕೊಂಡಿತು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಬೀದಿಯಲ್ಲಿ ಹೋಗುವಾಗ ಹೀಯಾಳಿಸುತ್ತಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹನ್ನೊಂದು ವರ್ಷದ ಈ ಹುಡುಗಿ ಹಾಡಿದ್ದಳು. ಮುಂದೆ ಹುಬ್ಬಳ್ಳಿಗೆ ಬಂದ ಮೇಲೆ ಸಂಜೆ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. ಮೈಸೂರು ಅರಮನೆಗೆ ಹೋಗಿಬರುವ ಅವರಂಥವರು ದಾರಿಯಲ್ಲಿ ನಮ್ಮ ಊರುಗಳಲ್ಲಿ ತಂಗುತ್ತಿದ್ದರಿಂದ ಉತ್ತರ ಪ್ರದೇಶದ ಕೈರಾನಾದ ಹಾಡುವ ಶೈಲಿ ಕುಂದಗೋಳದ ವಾಡೆಯ ತನಕ ಬಂತು. ಕಿರಾಣಾ ಘರಾಣೆ ಎಂಬ ಆ ಗಾಯನ ಪರಂಪರೆಯ ಕತೆ ಬಹಳ ಜನರಿಗೆ ಗೊತ್ತು.

ನನಗೆ ಬೇಕಾಗಿದ್ದು ಬೇರೆ. ಅವರ ಶುರುವಿನ ಗ್ರಾಮಫೋನ್ ತಟ್ಟೆಗಳಲ್ಲಿ ಹೆಸರು ಗಾಂಧಾರಿ ಎಂದಿದೆ. ಆ ದನಿ ಕೇಳಿ. ಸಣ್ಣದು, ಎತ್ತರದ್ದು, ಗಾಜಿನ ಬಳೆ ತಾಗಿದ ಹಾಗೆ. ಆಮೇಲೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಯಿತು. ದನಿ ಇಳಿಯಿತು. ಮತ್ತೆ ಹತ್ತಲಿಲ್ಲ. ನಾವೆಲ್ಲ ಕೇಳಿದ ಗಂಗೂಬಾಯಿ ಆಮೇಲಿನವರು. ನಾನು ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಒಬ್ಬರೇ ಎಂದು ಕಿವಿ ಒಪ್ಪಲಿಲ್ಲ.

ಹಾಡುವವರಿಗೆ ದನಿ ಹೋಯಿತೆಂದರೆ ಬಡಗಿಗೆ ಕೈ ಹೋದ ಹಾಗೆ. ಆ ದಿನಗಳಲ್ಲಿ ಅವರ ಮನಸ್ಸಿನಲ್ಲಿ ಏನಿತ್ತೋ, ಅದನ್ನು ನಾನು ಊಹಿಸಿ ಬರೆಯಲಾರೆ. ಹಾಡಿದ್ದು ಮಾತ್ರ ಕಣ್ಣೆದುರಿಗಿದೆ. ಹಳೆಯ ದನಿಯನ್ನು ನಕಲು ಮಾಡಲು ಅವರು ಹೋಗಲಿಲ್ಲ. ಹೊಸ ದನಿಗೆ ಎಲ್ಲಿ ಬಲ ಇದೆಯೋ ಅಲ್ಲಿಗೇ ರಾಗವನ್ನು ಕರೆದೊಯ್ದರು. ಮಂದ್ರದಲ್ಲಿ ಅವರು ನಿಲ್ಲುವ ರೀತಿ ನೋಡಿ. ಅಲ್ಲಿ ನಿಲ್ಲಲು ಅವಸರದವರಿಗೆ ಆಗುವುದಿಲ್ಲ. ಮಗಳು ಕೃಷ್ಣಾ ಜೊತೆಗೆ ಕೂತು ಹಾಡುತ್ತಿದ್ದ ಕಛೇರಿಗಳ ಧ್ವನಿಮುದ್ರಣ ಸಿಗುತ್ತವೆ. ತಾಯಿಯ ದನಿಯ ಪಕ್ಕದಲ್ಲಿ ಮಗಳ ಸಣ್ಣ ದನಿ. ಎರಡೂ ಒಂದೇ ತಂಬೂರಿಗೆ ಕೂತಿವೆ.

ಸಾಬರು ಹಾಡಿದರೆ ಉಸ್ತಾದರಾಗುತ್ತಾರೆ, ಹಿಂದೂಗಳು ಪಂಡಿತರಾಗುತ್ತಾರೆ, ಕೇಸರಬಾಯಿ ಮೊಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಅವರು ಹೇಳಿದ್ದುಂಟು. ಇದನ್ನು ಹೇಳಿದವರು ಪದ್ಮವಿಭೂಷಣದ ತನಕ ಹೋದರು, 2006ರಲ್ಲಿ ತಮ್ಮ ತೊಂಬತ್ತಮೂರನೇ ವಯಸ್ಸಿನಲ್ಲೂ ಕಛೇರಿ ಮಾಡಿದರು. 2009ರ ಜುಲೈನಲ್ಲಿ ತೀರಿಕೊಂಡರು. ಅವತ್ತು ನಾನು ಆಫೀಸಿಗೆ ರಜೆ ಹಾಕಿ, ಬಾಗಿಲು ಹಾಕಿಕೊಂಡು, ಬಿಳಿ ನಾಲ್ಕರಲ್ಲಿ ಬರೇ ಸಾ ಹಾಡಿದೆ. ನನಗಾಗ ಅದಕ್ಕಿಂತ ಜಾಸ್ತಿ ಬರುತ್ತಿರಲಿಲ್ಲ.

ಅವರ ಗುರು ಹೇಳುತ್ತಿದ್ದರಂತೆ, ಜಿಪುಣ ದುಡ್ಡು ಖರ್ಚು ಮಾಡಿದ ಹಾಗೆ ಸ್ವರ ಖರ್ಚು ಮಾಡಬೇಕು ಎಂದು. ಒಂದನ್ನೇ ಕೊಡಬೇಕು, ಕೇಳುವವರು ಅದರ ಬೆಲೆ ತಿಳಿದ ಮೇಲೆ ಇನ್ನೊಂದು. ಈ ಮಾತು ಹಾಡಿಗಿಂತ ಮೊದಲು ನನ್ನ ಮಾತಿಗೆ ಇಳಿಯಿತು. ಮೊದಲು ನಾನು ಗಡಬಡಿಸಿ ಮಾತಾಡುತ್ತಿದ್ದೆ. ಸಣ್ಣ ದನಿ ಕೈಕೊಡುವುದರೊಳಗೆ ಮುಗಿಸಿಬಿಡಬೇಕು ಎಂಬ ಭಯ ಇತ್ತು. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತ ಮುಗಿಯಲು ಒಂದು ನಿಮಿಷದ ಹತ್ತಿರ ಬೇಕು. ಅಷ್ಟು ಹೊತ್ತು ಸಮ್, ಅಂದರೆ ಆವರ್ತದ ಮೊದಲ ಮಾತ್ರೆ ಬರುವುದನ್ನು ಕಾಯುತ್ತಾ ಕಾಯುತ್ತಾ, ಗಾಂಧಾರಕ್ಕೆ ಈಗಲೇ ಹೋಗಬೇಡ, ಇನ್ನೂ ರಿಷಭದಲ್ಲೇ ಇರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ವರ್ಷಗಳು ಹೋದವು. ಆಫೀಸಿನಲ್ಲಿ ಯಾರಾದರೂ ಏರುದನಿಯಲ್ಲಿ ಬಂದರೆ ಈಗ ನಾನು ಮೊದಲು ಉಸಿರು ಬಿಡುತ್ತೇನೆ. ಬಿಳಿ ನಾಲ್ಕಕ್ಕೆ ಇಳಿಯುತ್ತೇನೆ. ಆಮೇಲೆ ಬಾಯಿ ತೆರೆಯುತ್ತೇನೆ. ದಿನಾ ಆಗುವುದಿಲ್ಲ. ಗಾಬರಿಯಾದ ದಿನ ಹಳೆಯ ಕಳ್ಳ ದನಿ ಮತ್ತೆ ಬಂದುಬಿಡುತ್ತದೆ. ಬಂದಿದ್ದು ಗೊತ್ತಾಗುತ್ತದೆ, ಅಷ್ಟು ಸಾಕು. ಗಿರಾಕಿಗಳ ಫೋನ್ ಈಗ ನಾನೇ ತೆಗೆದುಕೊಳ್ಳುತ್ತೇನೆ. ಸಂಜೆಯ ಉಪ್ಪುನೀರು ನಿಂತು ಬಹಳ ದಿನವಾಯಿತು.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಷಯವೂ ಇಲ್ಲಿ ನೆನಪಾಗುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಕ್ಷಯ ಬಂದು ಒಂದು ಶ್ವಾಸಕೋಶ ಕೆಟ್ಟು, ವರ್ಷಗಟ್ಟಲೆ ದೇವಾಸದಲ್ಲಿ ಹಾಸಿಗೆ ಹಿಡಿದರು. ಮತ್ತೆ ಹಾಡಲು ಎದ್ದಾಗ ಉಸಿರು ಗಿಡ್ಡವಾಗಿತ್ತು. ಅವರ ಹಾಡಿನಲ್ಲಿ ಬರುವ ಆ ತುಂಡು ತುಂಡು, ಮಿಂಚಿನಂಥ ಸ್ವರಗುಚ್ಛ ಕೇಳಿದಾಗಲೆಲ್ಲ ನನಗೆ ಗಂಗೂಬಾಯಿಯವರ ಮಂದ್ರ ನೆನಪಾಗುತ್ತದೆ. ಕುಮಾರರ ಬಗ್ಗೆ ಬೇರೆಯೇ ಬರೆಯಬೇಕು.

ಈಗ ಅಪ್ಪನ ಮಾತು. ಅಪ್ಪನಿಗೆ ಎಂಬತ್ತು ದಾಟಿದೆ. ಎರಡು ವರ್ಷದಿಂದ ಕಿವಿ ಮಂದ. ಮಷೀನ್ ಹಾಕಿಕೊಳ್ಳಲು ಒಪ್ಪುವುದಿಲ್ಲ, ಹಾಕಿದರೆ ತಲೆಯಲ್ಲಿ ಸಂತೆ ನೆರೆದ ಹಾಗೆ ಆಗುತ್ತದಂತೆ. ಅವ್ವ ಕೂಗಿ ಕೂಗಿ ಹೇಳುತ್ತಾಳೆ. ಅವಳದು ಕೀಚಲು ಅನ್ನುವಷ್ಟು ಸಣ್ಣ ದನಿ. ಅಪ್ಪ "ಹಾಂ? ಏನು?" ಎನ್ನುತ್ತಲೇ ಇರುತ್ತಾನೆ. ಹೋದ ದೀಪಾವಳಿಗೆ ಹೋದಾಗ ಒಂದು ಬೆಳಗ್ಗೆ ಅಪ್ಪ ಪೇಪರ್ ಹಿಡಿದು ಕೂತಿದ್ದ. ನಾನು ಅಡುಗೆಮನೆಯಿಂದ, ಕೂಗದೆ, "ಅಪ್ಪಾ, ಅವಲಕ್ಕಿಗೆ ಮೊಸರು ಹಾಕಲೇನು?" ಎಂದೆ.

"ಹಾಕವಾ, ಸ್ವಲ್ಪ ಉಪ್ಪಿನಕಾಯಿನೂ ಕೊಡು" ಎಂದ.

ಅವ್ವ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು. ಪರೀಕ್ಷೆ ಮಾಡಲು ಇನ್ನೂ ಎರಡು ಸಲ ಮಾತಾಡಿಸಿದೆವು. ಅವಳದು ಕೇಳಲಿಲ್ಲ, ನನ್ನದು ಕೇಳಿತು. ಕಿವಿಯ ಡಾಕ್ಟರು ಆಮೇಲೆ ಹೇಳಿದರು, ವಯಸ್ಸಾದವರಿಗೆ ಎತ್ತರದ ಸದ್ದು ಮೊದಲು ಹೋಗುತ್ತದೆ, ತಗ್ಗಿನ ದನಿ ಕೊನೆಯ ತನಕ ಉಳಿಯುತ್ತದೆ ಅಂತ. ಈಗ ದಿನಾ ಸಂಜೆ ಏಳಕ್ಕೆ ಅವ್ವನ ಫೋನ್ ಬರುತ್ತದೆ. "ನಿಮ್ಮಪ್ಪಗ ಬಿಪಿ ಗುಳಗಿ ತಗೊಳ್ಳಂತ ನೀನ ಹೇಳವಾ. ನಿನ್ನ ದನಿ ಅಷ್ಟ ಕೇಳಸ್ತದ ಅವರಿಗೆ" ಎಂದು ಫೋನನ್ನು ಅಪ್ಪನ ಕಿವಿಗೆ ಹಿಡಿಯುತ್ತಾಳೆ. ಸಣ್ಣ ದನೀಲೆ ಮಾತಾಡು ಎಂದವಳೂ ಇವಳೇ. ಅದು ಅವಳಿಗೆ ನೆನಪಿದೆಯೋ ಇಲ್ಲವೋ. ನಾನು ಎತ್ತಿ ಆಡುವುದಿಲ್ಲ. "ಅಪ್ಪಾ, ಗುಳಗಿ ತಗೋ" ಎನ್ನುತ್ತೇನೆ.

ಅಕ್ಕೋರಿಗೂ ಈಗ ಎಪ್ಪತ್ತೊಂಬತ್ತು. ಪಾಠ ನಿಲ್ಲಿಸಿದ್ದಾರೆ. ನಾನು ತಿಂಗಳಿಗೊಮ್ಮೆ ಹೋಗಿ ಕೂತು ಬರುತ್ತೇನೆ. ಅವರ ಸಾ ಮೊದಲಿನಿಂದಲೂ ಕರಿ ನಾಲ್ಕು. ನಾನು ಹೋದಾಗಲೆಲ್ಲ ತಂಬೂರಿಯನ್ನು ಮೂರು ಮನೆ ಕೆಳಗೆ ಇಳಿಸಬೇಕಾಗುತ್ತಿತ್ತು, ಹೊರಡುವ ಮುಂಚೆ ಮತ್ತೆ ಏರಿಸಿಡಬೇಕಾಗುತ್ತಿತ್ತು. ಹಳೆಯ ತಂತಿ ಏರಿಸಿ ಇಳಿಸಿ ಎಷ್ಟೋ ಸಲ ಹರಿದದ್ದೂ ಉಂಟು. ಅವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಹೋದ ತಿಂಗಳು ಹೋದಾಗ ತಂಬೂರಿಯ ಗವಸು ಬಿಚ್ಚಿ, ರೂಢಿಯಂತೆ ಬಿರಡೆಗೆ ಕೈ ಹಾಕಿದೆ.

"ಬ್ಯಾಡ, ಇಳಸಬ್ಯಾಡ" ಎಂದರು. "ಮೊದಲ ಮೀಟಿ ನೋಡು."

ಮೀಟಿದೆ. ಬಿಳಿ ನಾಲ್ಕು. ನನ್ನದೇ ಸಾ.

"ನನ್ನ ದನೀನೂ ಇಳದದ ತಂಗಿ. ಮ್ಯಾಲಿಂದೆಲ್ಲಾ ಹೋತು. ಯುಗಾದಿಯಿಂದ ಇಲ್ಲೇ ಇಟ್ಟೀನಿ."

ಇಬ್ಬರೂ ಸಾ ಹಿಡಿದೆವು. ಹದಿನೈದು ವರ್ಷದ ಮೇಲಾಗಿದೆ, ಇಬ್ಬರೂ ಒಂದೇ ಸಾ ಹಿಡಿದಿದ್ದು ಅದೇ ಮೊದಲು. ಅವರ ದನಿಯಲ್ಲಿ ನಡುಕ ಇತ್ತು. ನನ್ನದನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಅವರು ಕೈ ಚಾಚಿ ಖರ್ಜದ ತಂತಿಯ ದಾರ ಮುಟ್ಟಿದರು. ಬೆರಳಿಗೆ ಹಿಡಿತ ಇರಲಿಲ್ಲ. ನಾನು ಸರಿಸಿದೆ. ಒಂಚೂರು ಮುಂದೆ, ಮತ್ತೆ ಹಿಂದೆ. ಖರ್ಜ ಮೀಟಿದೆ. ಅಕ್ಕೋರು ಕಣ್ಣು ಮುಚ್ಚಿದ್ದರು.

"ಗಾಂಧಾರ ಬಂತೇನು? ನನಗೀಗ ಕೇಳಸೂದಿಲ್ಲ. ನೀನ ಹೇಳು" ಎಂದರು.

ಇನ್ನೊಮ್ಮೆ ಮೀಟಿ, ಕಾದೆ.

"ಬಂತ್ರಿ ಅಕ್ಕೋರ" ಎಂದೆ.